ಸುಣ್ಣ ಕೂರಬೇಕಾದ ಜಾಗ ಯಾವುದು?

ಡಾಕ್ಟರು ದೊಡ್ಡಮ್ಮನ ಕಾಲಿನ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅಂಗಳದಲ್ಲಿ ಜಾರಿ ಬಿದ್ದು ಪಾದ ಊದಿಕೊಂಡಿತ್ತು. ಮೂಳೆ ಮುರಿದಿದೆಯೋ ಅಂತ ನೋಡಲು ತೆಗೆಸಿದ ಎಕ್ಸ್‌ರೇ ಅದು. ಮೂಳೆಗೆ ಏನೂ ಆಗಿರಲಿಲ್ಲ. ಆದರೆ ಅದರ ಪಕ್ಕದಲ್ಲಿ, ಬರೀ ಮಾಂಸ ಇರಬೇಕಾದ ಕಡೆ, ರೈಲು ಹಳಿಯ ಹಾಗೆ ಎರಡು ಬಿಳಿ ಗೆರೆಗಳು ಪಾದದ ತನಕ ಇಳಿದಿದ್ದವು.

"ಇದೆಂತ ಡಾಕ್ಟ್ರೇ, ಸರಿಗೆಯಾ?" ಅಂತ ದೊಡ್ಡಮ್ಮ ಕೇಳಿದರು.

"ಸರಿಗೆ ಅಲ್ಲ ಅಮ್ಮ, ನಿಮ್ಮ ರಕ್ತನಾಳ. ಅದಕ್ಕೆ ಸುಣ್ಣ ಹಿಡಿದದ್ದು."

ದೊಡ್ಡಮ್ಮನಿಗೆ ಆರು ವರ್ಷದಿಂದ ಡಯಾಲಿಸಿಸ್ ನಡೀತಾ ಉಂಟು. ಬದಿಯಡ್ಕದಿಂದ ಹೊರಟು ತಲಪಾಡಿ ದಾಟಿ ಮಂಗಳೂರು, ವಾರಕ್ಕೆ ಮೂರು ಸಲ. ಹಾಗಾಗಿ ಡಾಕ್ಟರ ಹತ್ತಿರ ಅವರಿಗೆ ಸಲಿಗೆ ಜಾಸ್ತಿ. "ಹಾಗಾದ್ರೆ ನನಗೆ ಕ್ಯಾಲ್ಸಿಯಂ ಮಾತ್ರೆ ಯಾಕೆ ಕೊಡ್ತೀರಿ?" ಅಂತ ಕೇಳಿಯೇ ಬಿಟ್ಟರು. ಊಟದಲ್ಲಿರುವ ರಂಜಕವನ್ನು, ಅಂದರೆ ಫಾಸ್ಫೇಟನ್ನು, ಹೊಟ್ಟೆಯಲ್ಲೇ ಹಿಡಿದು ಹೊರಗೆ ಹಾಕಲು ಆ ಮಾತ್ರೆ ಅಂತ ಡಾಕ್ಟರು ಉತ್ತರ ಕೊಟ್ಟರು. ದೊಡ್ಡಮ್ಮನಿಗೆ ಸಮಾಧಾನ ಆಗಲಿಲ್ಲ. ನನಗೂ ಆಗಲಿಲ್ಲ. ಮೂಳೆಯಲ್ಲಿ ಕೂರಬೇಕಾದ ಸುಣ್ಣ ನಾಳದಲ್ಲಿ ಯಾಕೆ ಕೂರುತ್ತದೆ? ಅದನ್ನು ತಡೆಯುವ ಮದ್ದು ಏನಾದರೂ ಉಂಟಾ? ಹುಡುಕುತ್ತಾ ಹೋದಾಗ ದೊಡ್ಡಮ್ಮನ ಕಾಯಿಲೆಗಿಂತ ಬಹಳ ಅಪರೂಪದ ಕೆಲವು ಕಾಯಿಲೆಗಳು ಎದುರಾದವು. ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅಲ್ಲೇ.

ಮೊದಲೇ ಹೇಳಿಬಿಡುತ್ತೇನೆ. ಸುಣ್ಣ ಅಂತ ಬಾಯಿಮಾತಿಗೆ ಹೇಳುತ್ತಿದ್ದೇನೆ ಅಷ್ಟೆ. ವೀಳ್ಯದೆಲೆಗೆ ಸವರುವ ಸುಣ್ಣವೇ ಬೇರೆ. ದೇಹದಲ್ಲಿ ಕೂರುವುದು ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿ ಆದ ಹರಳು. ಮೂಳೆ, ಹಲ್ಲು ಗಟ್ಟಿಯಾಗುವುದು ಅದರಿಂದಲೇ.

ನಮ್ಮ ರಕ್ತದಲ್ಲಿ ಈ ಎರಡೂ ಯಾವಾಗಲೂ ತುಂಬಿಕೊಂಡೇ ಇರುತ್ತವೆ. ಹಾಗಿದ್ದರೆ ನಾವು ಯಾಕೆ ಕಲ್ಲಾಗುವುದಿಲ್ಲ? ಮೂಳೆ ಯಾಕೆ ಗಟ್ಟಿ ಅನ್ನುವುದಕ್ಕಿಂತ ಉಳಿದ ಮೈ ಯಾಕೆ ಮೆತ್ತಗಿದೆ ಅಂತ ಕೇಳಬೇಕು. ೧೯೬೦ರ ದಶಕದ ಆರಂಭದಲ್ಲಿ ಸ್ವಿಟ್ಜರ್ಲೆಂಡಿನ ಹರ್ಬರ್ಟ್ ಫ್ಲೈಶ್ ಅನ್ನುವ ವೈದ್ಯವಿಜ್ಞಾನಿ ಇದರ ಬೆನ್ನು ಹತ್ತಿದರು. ರಕ್ತದಲ್ಲೂ ಮೂತ್ರದಲ್ಲೂ ಹರಳು ಕಟ್ಟದಂತೆ ತಡೆಯುವ ಒಂದು ವಸ್ತು ಇದೆ ಅಂತ ಅವರು ಮತ್ತು ಸಂಗಡಿಗರು ಕಂಡುಕೊಂಡರು. ಅದರ ಹೆಸರು ಪೈರೋಫಾಸ್ಫೇಟ್. ಎರಡು ಫಾಸ್ಫೇಟ್ ಒಂದಕ್ಕೊಂದು ಅಂಟಿಕೊಂಡ ಪುಟ್ಟ ಕಣ. ಅದರ ಹತ್ತಿರದ ಸಂಬಂಧಿಗಳು ಕಾರ್ಖಾನೆಯವರಿಗೆ ಆಗಲೇ ಗೊತ್ತಿದ್ದವು. ನೀರಿನ ಪೈಪಿನೊಳಗೆ ಬಿಳಿ ಪದರ ಕಟ್ಟದಿರಲಿ ಅಂತ ಅವನ್ನು ನೀರಿಗೆ ಬೆರೆಸುತ್ತಿದ್ದರು.

ನಮ್ಮ ಕಾಸರಗೋಡಿನ ಕಡೆ ಮುರಕಲ್ಲಿನ ನೆಲ. ಬಾವಿ ನೀರಲ್ಲಿ ಸುಣ್ಣದ ಅಂಶ ಕಡಿಮೆ. ಪೈಪಿಗೆ ಸುಣ್ಣ ಹಿಡಿಯುವುದು ಅಂದರೆ ಏನು ಅಂತ ನಾನು ಕಂಡದ್ದು ಅಕ್ಕಲಕೋಟೆಯ ಗೆಳೆಯನ ಮನೆಯಲ್ಲಿ. ಅವರದ್ದೂ ನಮ್ಮ ಹಾಗೇ ಗಡಿಯಾಚೆಯ ಕನ್ನಡ, ಅದು ಮಹಾರಾಷ್ಟ್ರದ ಕಡೆ. ಬೋರ್‌ವೆಲ್ ನೀರು ಕಾಯಿಸುವ ಕಾಯಿಲ್ ತೆಗೆದು ತೋರಿಸಿದ. ಹೆಬ್ಬೆರಳು ದಪ್ಪಕ್ಕೆ ಬಿಳಿ ಚಕ್ಕೆ ಕಟ್ಟಿತ್ತು. ಎಕ್ಸ್‌ರೇಯಲ್ಲಿ ಆ ಗೆರೆ ನೋಡಿದಾಗ ನನಗೆ ಥಟ್ಟನೆ ನೆನಪಾದದ್ದು ಆ ಕಾಯಿಲ್.

ಅಂದರೆ ಪೈರೋಫಾಸ್ಫೇಟ್ ಒಂದು ತಡೆ. ಏತಡ್ಕದ ಕಡೆ ತೋಡಿಗೆ ಕಟ್ಟ, ಅಂದರೆ ಒಡ್ಡು, ಕಟ್ಟುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಟ್ಟ ಇದ್ದರೆ ನೀರು ನಿಲ್ಲುತ್ತದೆ, ಬೇಕಾದ ಕಡೆ ಬಾಯಿ ಬಿಡಿಸಿದರೆ ತೋಟಕ್ಕೆ ಹರಿಯುತ್ತದೆ. ಮೈಯಲ್ಲೂ ಕಟ್ಟ ಕಟ್ಟುವವರು ಬೇರೆ, ಬಾಯಿ ಬಿಡಿಸುವವರು ಬೇರೆ. ಇಬ್ಬರೂ ಎಂಜೈಮ್‌ಗಳು, ಶಾಲೆಯ ಪುಸ್ತಕದಲ್ಲಿ ಕಿಣ್ವ ಅಂತ ಓದಿದ್ದೆವಲ್ಲ, ಅವೇ. ಕಟ್ಟುವವನ ಹೆಸರು ಇಎನ್‌ಪಿಪಿ-೧. ಜೀವಕೋಶದಿಂದ ಹೊರಗೆ ಬಂದ ಎಟಿಪಿ ಅನ್ನುವ, ಶಕ್ತಿ ಹೊರುವ ಕಣವನ್ನು ಅದು ಕತ್ತರಿಸುತ್ತದೆ, ಆಗ ಪೈರೋಫಾಸ್ಫೇಟ್ ಹುಟ್ಟುತ್ತದೆ. ಬಾಯಿ ಬಿಡಿಸುವವನು ಅಲ್ಕಲೈನ್ ಫಾಸ್ಫಟೇಸ್. ಇದು ನಮಗೆಲ್ಲ ಗೊತ್ತಿರುವ ಹೆಸರೇ. ಲಿವರ್ ಟೆಸ್ಟಿನ ರಿಪೋರ್ಟಿನಲ್ಲಿ ಎಎಲ್‌ಪಿ ಅಂತ ಬರೆದಿರುತ್ತದಲ್ಲ, ಅದು. ಮೂಳೆ ಕಟ್ಟುವ ಜಾಗದಲ್ಲಿ ಅದು ಪೈರೋಫಾಸ್ಫೇಟನ್ನು ಒಡೆದು ಹರಳಿಗೆ ದಾರಿ ಮಾಡಿಕೊಡುತ್ತದೆ.

ಇಬ್ಬರಲ್ಲಿ ಒಬ್ಬ ಕೈಕೊಟ್ಟರೆ ಕಾಯಿಲೆ.

ಮೊದಲು ಕಟ್ಟುವವನಿಲ್ಲದ ಕಾಯಿಲೆ ನೋಡೋಣ. ಅಪ್ಪ, ಅಮ್ಮ ಇಬ್ಬರಿಂದಲೂ ಕೆಟ್ಟ ಇಎನ್‌ಪಿಪಿ-೧ ಜೀನ್ ಬಂದ ಮಗುವಿನ ದೊಡ್ಡ ರಕ್ತನಾಳಗಳಿಗೆ ಹುಟ್ಟುವ ಮೊದಲೇ ಸುಣ್ಣ ಹಿಡಿಯಲು ಶುರುವಾಗಬಹುದು. ನಾಳ ಬಿಗಿಯುತ್ತದೆ, ಬಿಪಿ ಏರುತ್ತದೆ, ಹೃದಯ ಸೋಲುತ್ತದೆ. ಈ ಜೀನಿಗೂ ಶಿಶುಗಳ ನಾಳಕ್ಕೆ ಸುಣ್ಣ ಹಿಡಿಯುವುದಕ್ಕೂ ಇರುವ ನಂಟು ೨೦೦೩ರಲ್ಲಿ ಗೊತ್ತಾಯಿತು. ಇಂಥ ಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಕ್ಕಳು ಮೊದಲ ಆರು ತಿಂಗಳಲ್ಲೇ ಹೋಗಿಬಿಡುತ್ತಿದ್ದವು.

ಉಳಿದ ಮಕ್ಕಳ ಕಥೆ ಇನ್ನೂ ವಿಚಿತ್ರ. ನಡೆಯಲು ಶುರು ಮಾಡಿದ ಮೇಲೆ ಅವರ ಕಾಲು ಬಾಗುತ್ತದೆ. ಅಂದರೆ ರಿಕೆಟ್ಸ್. ರಕ್ತನಾಳದಲ್ಲಿ ಸುಣ್ಣ ಜಾಸ್ತಿ, ಮೂಳೆಯಲ್ಲಿ ಕಡಿಮೆ, ಒಂದೇ ಮಗುವಿನಲ್ಲಿ, ಒಂದೇ ಜೀನಿನಿಂದ! ಮೊದಲ ಸಲ ಓದಿದಾಗ ಅಚ್ಚಿನ ತಪ್ಪೇನೋ ಅಂದುಕೊಂಡೆ. ಆಗುವುದು ಹೀಗೆ: ಈ ಮಕ್ಕಳಲ್ಲಿ ಎಫ್‌ಜಿಎಫ್-೨೩ ಅನ್ನುವ ಹಾರ್ಮೋನು ಏರುತ್ತದೆ. ಅದು ಹೊರಡುವುದು ಮೂಳೆಯಿಂದ, ಕೆಲಸ ಮಾಡುವುದು ಕಿಡ್ನಿಯ ಮೇಲೆ. ಫಾಸ್ಫೇಟನ್ನು ಮೂತ್ರದಲ್ಲಿ ಹೊರಗೆ ಸುರಿಸುತ್ತದೆ. ನಾಳ ಕಲ್ಲಾಗದಿರಲಿ ಅಂತ ದೇಹವೇ ರಂಜಕವನ್ನು ಚೆಲ್ಲಿ ಜೀವ ಉಳಿಸಿಕೊಳ್ಳುತ್ತದೆಯೇನೋ, ಅದಕ್ಕೆ ಮೂಳೆ ಬೆಲೆ ತೆರುತ್ತದೆಯೇನೋ ಅಂತ ಕೆಲವು ಸಂಶೋಧಕರ ಊಹೆ. ಇಂಥ ಮಗುವಿನ ಬಾಗಿದ ಕಾಲಿಗೆ ಫಾಸ್ಫೇಟ್ ಮತ್ತು ವಿಟಮಿನ್ ಡಿ ಕೊಡುವುದು ರೂಢಿ. ಮೂಳೆಗೆ ಅದು ಬೇಕು. ಆದರೆ ಅದೇ ಮದ್ದಿನಿಂದ ಕಿಡ್ನಿಗೆ ಸುಣ್ಣ ಹಿಡಿಯುವ ಭಯವೂ ಉಂಟು. ಆಚೆ ಹೋದರೆ ಹುಲಿ, ಈಚೆ ಬಂದರೆ ಕಂದಕ.

ಇದರ ಹತ್ತಿರದ್ದೇ ಇನ್ನೊಂದು ಕಾಯಿಲೆ ಎಬಿಸಿಸಿ-೬ ಅನ್ನುವ ಜೀನ್ ಕೆಟ್ಟಾಗ ಬರುವುದು. ಲಿವರಿನಿಂದ ಎಟಿಪಿಯನ್ನು ರಕ್ತಕ್ಕೆ ಬಿಡಲು ಆ ಜೀನ್ ಬೇಕು. ಅಲ್ಲಿ ಕತ್ತರಿ ಸರಿಯಾಗಿದೆ, ಕತ್ತರಿಸಲು ಬಟ್ಟೆ ಇಲ್ಲ. ಇದು ನಿಧಾನದ ಕಾಯಿಲೆ. ಕುತ್ತಿಗೆಯ ಚರ್ಮ ಪುಕ್ಕ ಕಿತ್ತ ಕೋಳಿಯ ಚರ್ಮದ ಹಾಗೆ ಹಳದಿ ಬೊಕ್ಕೆ ಬೊಕ್ಕೆಯಾಗುತ್ತದೆ, ಮುಂದೆ ಕಣ್ಣಿನ ಪರದೆಯಲ್ಲಿ ರಕ್ತ ಸೋರಿ ದೃಷ್ಟಿ ಹೋಗಬಹುದು.

ಹಾಗಿದ್ದರೆ ಪೈರೋಫಾಸ್ಫೇಟನ್ನೇ ಮಾತ್ರೆ ಮಾಡಿ ಕೊಟ್ಟರಾಗದೇ? ಸಮಸ್ಯೆ ಏನೆಂದರೆ ಅದು ಮೈಯಲ್ಲಿ ಬಹಳ ಹೊತ್ತು ಉಳಿಯುವುದಿಲ್ಲ, ಹುಟ್ಟಿದಷ್ಟೇ ಬೇಗ ಒಡೆದುಹೋಗುತ್ತದೆ. ಫ್ಲೈಶ್ ಕಾಲದಲ್ಲೇ ಇದು ಗೊತ್ತಾಗಿ, ಒಡೆಯದ ನಕಲಿ ಪೈರೋಫಾಸ್ಫೇಟ್ ತಯಾರಾಯಿತು. ಅದರ ವಂಶದ್ದೇ ಇವತ್ತು ಮೂಳೆ ಸವೆತಕ್ಕೆ ವಯಸ್ಸಾದ ಹೆಂಗಸರಿಗೆ ಕೊಡುವ ಮಾತ್ರೆ. ವಾರಕ್ಕೊಂದು, ನುಂಗಿದ ಮೇಲೆ ಅರ್ಧ ಗಂಟೆ ಮಲಗಬಾರದು ಅನ್ನುತ್ತಾರಲ್ಲ, ಅದು. ಈ ವಂಶದ ಹಳೆಯ ಮದ್ದು ಎಟಿಡ್ರೊನೇಟನ್ನು ನಾಳಕ್ಕೆ ಸುಣ್ಣ ಹಿಡಿದ ಶಿಶುಗಳಿಗೂ ಕೊಟ್ಟು ನೋಡಿದರು. ವರ್ಷಗಟ್ಟಲೆ ತೆಗೆದುಕೊಂಡ ಮಗುವಿನ ಮೂಳೆಯೇ ಕೆಟ್ಟ ಉದಾಹರಣೆ ಉಂಟು. ಕಟ್ಟ ಭದ್ರವಾಯಿತು, ಆದರೆ ಬಾಯಿ ಬಿಡಿಸಲು ಬರದ ಕಟ್ಟ.

ಒಂದು ತಮಾಷೆ. ಪೈರೋಫಾಸ್ಫೇಟ್ ನಮ್ಮ ಅಡುಗೆಮನೆಯಲ್ಲೂ ಇರುತ್ತದೆ. ಕೇಕ್, ಬಿಸ್ಕತ್ತಿನ ಪೊಟ್ಟಣ ತಿರುಗಿಸಿ ಸಣ್ಣ ಅಕ್ಷರ ಓದಿದರೆ ಕೆಲವೊಮ್ಮೆ ೪೫೦ ಅನ್ನುವ ಸಂಖ್ಯೆ ಕಾಣುತ್ತದೆ. ಹಿಟ್ಟು ಉಬ್ಬಲು ಹಾಕುವ ಪೈರೋಫಾಸ್ಫೇಟ್ ಅದು. ಬಾಯಿಯಿಂದ ಕೊಟ್ಟರೂ ಸ್ವಲ್ಪ ಭಾಗ ರಕ್ತ ಸೇರುತ್ತದೆ, ಇಲಿಗಳಲ್ಲಿ ಸುಣ್ಣ ಹಿಡಿಯುವುದು ಕಡಿಮೆಯಾಯಿತು ಅಂತ ೨೦೧೭ರ ಒಂದು ಸಂಶೋಧನೆ ತೋರಿಸಿತು. ಹಾಗಂತ ಯಾರೂ ಬೇಕಿಂಗ್ ಪೌಡರ್ ಕಲಸಿ ಕುಡಿಯಬೇಡಿ ಮಾರಾಯ್ರೆ. ಅದರಲ್ಲಿ ಸೋಡಾ ಬೇರೆ ಇರುತ್ತದೆ.

ಮದ್ದು ಉಳಿಯುವುದಿಲ್ಲ ಅಂದರೆ ಮದ್ದು ಮಾಡುವವನನ್ನೇ ಕಳಿಸಿದರಾಯಿತು. ಹೊಸ ಚಿಕಿತ್ಸೆಯ ಉಪಾಯ ಇಷ್ಟೆ. ಆದರೆ ಇಎನ್‌ಪಿಪಿ-೧ ಸಾಮಾನ್ಯವಾಗಿ ಜೀವಕೋಶದ ಪೊರೆಗೆ ಕಾಲೂರಿ ನಿಂತಿರುತ್ತದೆ. ಅದನ್ನು ಹಾಗೇ ಸಿರಿಂಜಿಗೆ ತುಂಬಲು ಆಗುವುದಿಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಡಿಮೆಟ್ರಿಯಸ್ ಬ್ರಾಡಕ್ ಅವರ ತಂಡ ಕೋಶದ ಹೊರಗೆ ಚಾಚಿರುವ, ನಿಜವಾಗಿ ಕೆಲಸ ಮಾಡುವ ಭಾಗವನ್ನು ಮಾತ್ರ ಬಿಡಿಸಿಕೊಂಡಿತು. ಅದಕ್ಕೆ ನಮ್ಮ ರೋಗನಿರೋಧಕ ಪ್ರೋಟೀನಿನ ಬಾಲವನ್ನು ಜೋಡಿಸಿತು. ಆ ಬಾಲಕ್ಕೆ ಎಫ್‌ಸಿ ಅಂತ ಹೆಸರು. ಬಾಲ ಇರುವ ಪ್ರೋಟೀನನ್ನು ದೇಹ ಬೇಗ ಕಸಕ್ಕೆ ಹಾಕುವುದಿಲ್ಲ, ಒಳಗೆಳೆದುಕೊಂಡರೂ ಮತ್ತೆ ರಕ್ತಕ್ಕೆ ಬಿಡುತ್ತದೆ. ಬಸ್ಸಿನಲ್ಲಿ ಪಾಸ್ ಇದ್ದವರನ್ನು ಕಂಡಕ್ಟರ್ ಇಳಿಸುವುದಿಲ್ಲವಲ್ಲ, ಹಾಗೆ. ಸಾಯಬೇಕಾಗಿದ್ದ ಇಲಿಮರಿಗಳು ಈ ಜೋಡಣೆಯಿಂದ ಬದುಕಿ ಉಳಿದವು ಅಂತ ೨೦೧೫ರಲ್ಲಿ ಅವರು ಪ್ರಕಟಿಸಿದರು.

ಅಲ್ಲಿಂದ ಹುಟ್ಟಿದ ಕಂಪನಿ ಇನೋಝೈಮ್, ಮದ್ದಿನ ಹೆಸರು ಐಎನ್‌ಝಡ್-೭೦೧. ಚರ್ಮದಡಿಗೆ ಚುಚ್ಚುವ ಇಂಜೆಕ್ಷನ್. ಮೊದಲ ಪರೀಕ್ಷೆಗಳಲ್ಲಿ ರೋಗಿಗಳ ರಕ್ತದಲ್ಲಿ ಪೈರೋಫಾಸ್ಫೇಟ್ ಏರಿತು. ೨೦೨೫ರಲ್ಲಿ ಬಯೋಮರಿನ್ ಅನ್ನುವ ದೊಡ್ಡ ಕಂಪನಿ ಸುಮಾರು ೨೭ ಕೋಟಿ ಡಾಲರ್ ಕೊಟ್ಟು ಇಡೀ ಇನೋಝೈಮನ್ನೇ ಕೊಂಡುಕೊಂಡಿತು. ಮಕ್ಕಳ ಮೇಲಿನ ಮೂರನೇ ಹಂತದ ಪರೀಕ್ಷೆಗೆ ಸೇರಿದವರು ಪ್ರಪಂಚದಲ್ಲೆಲ್ಲ ಹುಡುಕಿ ಮೂವತ್ತಕ್ಕಿಂತ ಕಡಿಮೆ. ಅಪರೂಪ ಅನ್ನುವ ಪದದ ಅರ್ಥ ನನಗೆ ಆದದ್ದು ಈ ಲೆಕ್ಕದಿಂದ. ಇಷ್ಟು ಕಡಿಮೆ ಮಕ್ಕಳನ್ನು ಇಟ್ಟುಕೊಂಡು ಒಂದು ಮದ್ದು ಗೆದ್ದಿತೋ ಸೋತಿತೋ ಅಂತ ಹೇಳುವುದು ಸುಲಭ ಅಲ್ಲ. ರಕ್ತದಲ್ಲಿ ಪೈರೋಫಾಸ್ಫೇಟ್ ಏರಿದರೆ ಸಾಲದು, ಕಾಲು ನೆಟ್ಟಗಾಗಬೇಕು, ನಾಳ ಮೆತ್ತಗಿರಬೇಕು. ಕಂಪನಿಯ ಪ್ರಕಟಣೆ ಓದುವಾಗ ಈ ಎರಡನ್ನೂ ಬೇರೆ ಬೇರೆ ಇಟ್ಟು ಓದುವುದು ಒಳ್ಳೆಯದು.

ಇನ್ನು ಬಾಯಿ ಬಿಡಿಸುವವನಿಲ್ಲದ ಕಾಯಿಲೆ. ಹೆಸರು ಹೈಪೋಫಾಸ್ಫಟೇಸಿಯ. ಎಎಲ್‌ಪಿ ಕಡಿಮೆ, ಪೈರೋಫಾಸ್ಫೇಟ್ ಜಾಸ್ತಿ, ಮೂಳೆಗೆ ಸುಣ್ಣ ಕೂರುವುದೇ ಇಲ್ಲ. ತೀವ್ರವಾದರೆ ಶಿಶುವಿನ ಪಕ್ಕೆಲುಬು ಉಸಿರಾಟಕ್ಕೆ ಆಸರೆ ಕೊಡದಷ್ಟು ಮೆತ್ತಗಿರುತ್ತದೆ. ಇದಕ್ಕೆ ಮದ್ದು ಬಂದು ಹತ್ತು ವರ್ಷದ ಮೇಲಾಯಿತು. ಆಸ್ಫೋಟೇಸ್ ಆಲ್ಫಾ, ಮಾರುಕಟ್ಟೆಯ ಹೆಸರು ಸ್ಟ್ರೆನ್ಸಿಕ್. ಜಪಾನ್, ಯುರೋಪ್, ಅಮೆರಿಕ ಮೂರೂ ಕಡೆ ೨೦೧೫ರಲ್ಲಿ ಒಪ್ಪಿಗೆ ಸಿಕ್ಕಿತು. ಇದರಲ್ಲೂ ಅದೇ ಎಫ್‌ಸಿ ಬಾಲ. ಜೊತೆಗೆ ಒಂದು ಕೊಕ್ಕೆ: ಆಸ್ಪಾರ್ಟಿಕ್ ಆಮ್ಲದ ಹತ್ತು ತುಂಡು ಸಾಲಾಗಿ ಪೋಣಿಸಿದ್ದು. ಅದಕ್ಕೆ ಮೂಳೆಯ ಹರಳು ಕಂಡರೆ ಅಂಟಿಕೊಳ್ಳುವ ಗುಣ. ಹಾಗಾಗಿ ಎಂಜೈಮ್ ಊರೆಲ್ಲ ಸುತ್ತದೆ ನೇರ ಮೂಳೆಗೆ ಹೋಗಿ ಕೂರುತ್ತದೆ. ಹುಟ್ಟುವಾಗಲೇ ಅಥವಾ ಶಿಶುವಾಗಿದ್ದಾಗಲೇ ಕಾಯಿಲೆ ಕಾಣಿಸಿಕೊಂಡ ಮಕ್ಕಳಲ್ಲಿ ಹಿಂದೆ ಮದ್ದಿಲ್ಲದ ಕಾಲದಲ್ಲಿ ಐದು ವರ್ಷ ದಾಟಿದವರು ೧೦೦ಕ್ಕೆ ಸುಮಾರು ೨೭. ಮದ್ದು ಪಡೆದವರಲ್ಲಿ ೮೪. ಇಷ್ಟು ದೊಡ್ಡ ವ್ಯತ್ಯಾಸ ವೈದ್ಯಕೀಯದಲ್ಲಿ ದಿನಾ ಕಾಣಸಿಗುವುದಿಲ್ಲ.

ಆದರೆ ಆ ಮದ್ದಿನ ಚೀಟಿಯಲ್ಲಿ ಎಚ್ಚರಿಕೆಯ ಒಂದು ಸಾಲು ಉಂಟು. ಕಣ್ಣಿನಲ್ಲೂ ಕಿಡ್ನಿಯಲ್ಲೂ ಸುಣ್ಣ ಕೂರಬಹುದು, ನೋಡುತ್ತಿರಿ ಅಂತ. ಕಟ್ಟ ಒಡೆಯುವವನನ್ನು ಜಾಸ್ತಿ ಕಳಿಸಿದರೆ ಹಾಗೆಯೇ ಅಲ್ವಾ?

ನನ್ನ ದೊಡ್ಡಮ್ಮನಿಗೆ ಇದರಿಂದ ಏನು ಪ್ರಯೋಜನ? ಸದ್ಯಕ್ಕೆ ಏನೂ ಇಲ್ಲ. ಡಯಾಲಿಸಿಸ್ ಮಾಡಿಸಿಕೊಳ್ಳುವವರ ರಕ್ತದಲ್ಲಿ ಪೈರೋಫಾಸ್ಫೇಟ್ ಕಡಿಮೆ ಇರುತ್ತದೆ ಅನ್ನುವುದು ನಿಜ. ಅಂಥ ಕೆಲವರಿಗೆ ಐಎನ್‌ಝಡ್-೭೦೧ ಚುಚ್ಚಿ ನೋಡಿದ ಸಣ್ಣ ಪರೀಕ್ಷೆಯೂ ನಡೆದಿದೆ. ಆದರೆ ಇದು ಮುಖ್ಯವಾಗಿ ಹೊಸ ಸುಣ್ಣ ಕೂರದಂತೆ ನೋಡಿಕೊಳ್ಳುವ ಮದ್ದು. ಆರು ವರ್ಷದಲ್ಲಿ ಕೂತದ್ದನ್ನು ಕರಗಿಸಿಬಿಡುತ್ತದೆ ಅಂತ ಆಸೆ ಪಡುವ ಹಾಗಿಲ್ಲ. ಹಾಗೆಯೇ ಆಂಧ್ರದ ಅನಂತಪುರದ ಕಡೆಯ ನಮ್ಮವರು ಫ್ಲೋರೈಡ್ ನೀರು ಕುಡಿದು ಬೆನ್ನು ಬಗ್ಗಿಸಲಾಗದೆ ಕೂತಿದ್ದಾರಲ್ಲ, ಅಲ್ಲೂ ಮೂಳೆ ಕಟ್ಟುವ ನಾರುಗಳಿಗೆ ಸುಣ್ಣ ಹಿಡಿದಿರುತ್ತದೆ. ಅದಕ್ಕೆ ಬೇಕಾದದ್ದು ಬೇರೆ ನೀರು, ಎಂಜೈಮ್ ಅಲ್ಲ.

ಈಗ ಹಣದ ಮಾತು. ಸ್ಟ್ರೆನ್ಸಿಕ್‌ಗೆ ಅಮೆರಿಕದಲ್ಲಿ ವರ್ಷಕ್ಕೆ ಲಕ್ಷಗಟ್ಟಲೆ ಡಾಲರ್. ಡೋಸ್ ತೂಕದ ಲೆಕ್ಕದಲ್ಲಿ, ವಾರಕ್ಕೆ ಕಿಲೋಗೆ ೬ ಮಿಲಿಗ್ರಾಂ. ಮಗು ಬೆಳೆದಂತೆ ಬಿಲ್ಲೂ ಬೆಳೆಯುತ್ತದೆ. ನಮ್ಮ ದೇಶದ ಅಪರೂಪದ ಕಾಯಿಲೆಗಳ ನೀತಿ ೨೦೨೧ರದ್ದು. ಅದರ ಪಟ್ಟಿಗೆ ಸೇರಿದ ಕಾಯಿಲೆಗಳಿಗೆ ಒಬ್ಬ ರೋಗಿಗೆ ೫೦ ಲಕ್ಷ ರೂಪಾಯಿ ತನಕ ನೆರವು ಅಂತ ೨೦೨೨ರಲ್ಲಿ ತಿದ್ದಿದರು. ಕೇಳಲು ದೊಡ್ಡ ಮೊತ್ತ. ಜೀವನಪೂರ್ತಿ ಚುಚ್ಚಿಸಿಕೊಳ್ಳಬೇಕಾದ ಮದ್ದಿಗೆ ಅದು ಎಷ್ಟು ದಿನ ಬಂದೀತು? ಕೇರಳ ಸರ್ಕಾರ ೨೦೨೪ರಲ್ಲಿ ಕೇರ್ ಅನ್ನುವ ತನ್ನದೇ ಯೋಜನೆ ಶುರು ಮಾಡಿತು. ಅದು ಒಳ್ಳೆಯ ಹೆಜ್ಜೆ ಅಂತಲೇ ನಾನು ಹೇಳುತ್ತೇನೆ. ಆದರೆ ಕೇರಳದ ಅಪರೂಪದ ಕಾಯಿಲೆಗಳ ಕೇಂದ್ರ ಇರುವುದು ತಿರುವನಂತಪುರದ ಎಸ್‌ಎಟಿ ಆಸ್ಪತ್ರೆಯಲ್ಲಿ. ಕಾಸರಗೋಡಿನಿಂದ ವಂದೇ ಭಾರತ್ ಹತ್ತಿದರೂ ಎಂಟು ಗಂಟೆಯ ದಾರಿ. ಕರ್ನಾಟಕದ ಕೇಂದ್ರ ಬೆಂಗಳೂರಿನಲ್ಲಿ. ನಮಗೆ ಹತ್ತಿರದ ದೊಡ್ಡ ಆಸ್ಪತ್ರೆಗಳೆಲ್ಲ ಮಂಗಳೂರಿನಲ್ಲಿ, ಅಂದರೆ ಇನ್ನೊಂದು ರಾಜ್ಯದಲ್ಲಿ. ೨೦೨೦ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ರಸ್ತೆಗೆ ಮಣ್ಣು ಸುರಿದು ಗಡಿ ಮುಚ್ಚಿದಾಗ ಆಂಬುಲೆನ್ಸಿನಲ್ಲೇ ಜೀವ ಬಿಟ್ಟವರು ಇದ್ದಾರೆ. ಅದನ್ನು ಈ ಕಡೆಯ ಜನ ಮರೆತಿಲ್ಲ. ಮಂಗಳೂರಿನ ಡಾಕ್ಟರು ಬರೆದ ಚೀಟಿ ಇಂಗ್ಲಿಷಿನಲ್ಲಿ, ನೆರವಿನ ಅರ್ಜಿ ಮಲಯಾಳದಲ್ಲಿ, ಕಾಯಿಲೆ ವಿವರಿಸಬೇಕಾದ ತಾಯಿಯ ಮಾತು ಕನ್ನಡವೋ ತುಳುವೋ. ಅಪರೂಪದ ಕಾಯಿಲೆ ಸಾಲದು ಅಂತ ಅದರ ಮೇಲೆ ಇದೊಂದು.

ಆದರೆ ನನ್ನ ದೊಡ್ಡ ಚಿಂತೆ ಇದ್ಯಾವುದೂ ಅಲ್ಲ. ಇಷ್ಟೆಲ್ಲ ಆಗಬೇಕಾದರೆ ಮೊದಲು ಮಗುವಿಗೆ ಈ ಕಾಯಿಲೆ ಇದೆ ಅಂತ ಯಾರಿಗಾದರೂ ಅನುಮಾನ ಬರಬೇಕು. ನಮ್ಮಲ್ಲಿ ಮಗುವಿನ ಕಾಲು ಬಾಗಿದರೆ, ನಡಿಗೆ ತಡವಾದರೆ, ಹಲ್ಲು ಬೇಗ ಬಿದ್ದರೆ ಎಲ್ಲದಕ್ಕೂ ಒಂದೇ ಮಾತು: ಕ್ಯಾಲ್ಸಿಯಂ ಕಮ್ಮಿ. ಮೆಡಿಕಲ್ ಶಾಪಿನಿಂದ ಗುಲಾಬಿ ಬಣ್ಣದ ಸಿರಪ್ಪು, ಜೊತೆಗೆ ವಿಟಮಿನ್ ಡಿ. ನೂರರಲ್ಲಿ ತೊಂಬತ್ತೊಂಬತ್ತು ಮಕ್ಕಳಿಗೆ ಅದರಿಂದ ತೊಂದರೆ ಇಲ್ಲ, ಒಳ್ಳೆಯದೇ ಆಗಬಹುದು. ಆದರೆ ಹೈಪೋಫಾಸ್ಫಟೇಸಿಯ ಇರುವ ಶಿಶುವಿನ ರಕ್ತದಲ್ಲಿ ಕ್ಯಾಲ್ಸಿಯಂ ಮೊದಲೇ ಜಾಸ್ತಿ ಇರಬಹುದು. ಮೂಳೆಗೆ ಹೋಗಲಾಗದೆ ಹೊರಗೆ ಕಾಯುತ್ತಿರುವ ಕ್ಯಾಲ್ಸಿಯಂ ಅದು. ಅಲ್ಲಿಗೆ ಇನ್ನಷ್ಟು ಸುರಿಯುವುದು ಅಪಾಯ.

ಹೈಪೋಫಾಸ್ಫಟೇಸಿಯವನ್ನು ಗುರುತು ಹಿಡಿಯಲು ಒಂದೆರಡು ಸುಳಿವು ಇವೆ, ಎರಡೂ ದುಬಾರಿಯಲ್ಲ. ಒಂದು ಹಾಲುಹಲ್ಲು. ಸಾಮಾನ್ಯವಾಗಿ ಹಾಲುಹಲ್ಲು ಆರರ ಹೊತ್ತಿಗೆ ಬೀಳುತ್ತದೆ, ಅಷ್ಟರಲ್ಲಿ ಅದರ ಬೇರು ಕರಗಿ ಹೋಗಿರುತ್ತದೆ. ಕೈಯಲ್ಲಿ ಹಿಡಿದರೆ ಬರೀ ಟೊಪ್ಪಿ. ಈ ಕಾಯಿಲೆಯಲ್ಲಿ ಐದು ತುಂಬುವ ಮೊದಲೇ, ನೋವಿಲ್ಲದೆ, ಉದ್ದ ಬೇರಿನ ಸಮೇತ ಹಲ್ಲು ಕಳಚಿ ಬರುತ್ತದೆ. ಮಕ್ಕಳು ಬಿದ್ದ ಹಲ್ಲನ್ನು ಸೆಗಣಿಯಲ್ಲಿ ಸುತ್ತಿ ಮಾಡಿನ ಹೆಂಚಿಗೆ ಎಸೆಯುವುದು ಉಂಟಲ್ಲ, ಎಸೆಯುವ ಮೊದಲು ಅಮ್ಮಂದಿರು ಒಮ್ಮೆ ತಿರುಗಿಸಿ ನೋಡಿದರೆ ಸಾಕು.

ಇನ್ನೊಂದು ಎಎಲ್‌ಪಿ. ಸಣ್ಣ ಪೇಟೆಯ ಲ್ಯಾಬಿನಲ್ಲೂ ಆಗುವ ಟೆಸ್ಟ್. ತೊಡಕು ಇರುವುದು ಓದುವುದರಲ್ಲಿ. ಎಎಲ್‌ಪಿ ಏರಿದರೆ ಎಲ್ಲರಿಗೂ ಗಾಬರಿ, ಲಿವರೋ ಮೂಳೆಯೋ ಅಂತ ಹುಡುಕುತ್ತಾರೆ. ಇಳಿದರೆ ಯಾರೂ ತಿರುಗಿ ನೋಡುವುದಿಲ್ಲ. ಅದಕ್ಕಿಂತ ದೊಡ್ಡ ಎಡವಟ್ಟು ವಯಸ್ಸಿನದ್ದು. ದೊಡ್ಡವರಿಗೆ ಸುಮಾರು ೪೦ರಿಂದ ೧೪೦ರ ಒಳಗೆ ಇದ್ದರೆ ಸರಿ. ಬೆಳೆಯುವ ಮಗುವಿಗೆ ಮೂಳೆ ಕಟ್ಟುವ ಕೆಲಸ ಜೋರಾಗಿ ನಡೆಯುತ್ತಿರುವುದರಿಂದ ಸಾಮಾನ್ಯವಾಗಿ ೧೪೦ಕ್ಕಿಂತ ಮೇಲೆಯೇ ಇರಬೇಕು. ಎರಡು ವರ್ಷದ ಮಗುವಿಗೆ ೬೦ ಬಂತು ಅನ್ನಿ. ರಿಪೋರ್ಟಿನ ಪಕ್ಕದಲ್ಲಿ ದೊಡ್ಡವರ ಲೆಕ್ಕ ಅಚ್ಚಾಗಿದ್ದರೆ ಅದು ನಾರ್ಮಲ್. ದಪ್ಪ ಅಕ್ಷರವೂ ಇಲ್ಲ, ನಕ್ಷತ್ರದ ಗುರುತೂ ಇಲ್ಲ. ಕಡಿಮೆ ಎಎಲ್‌ಪಿಗೆ ಸತು ಕೊರತೆ, ಥೈರಾಯ್ಡ್, ತೀರಾ ಅಪೌಷ್ಟಿಕತೆ ಹೀಗೆ ಬೇರೆ ಕಾರಣಗಳೂ ಇವೆ, ಒಂದು ಸಂಖ್ಯೆ ಹಿಡಿದು ಹೆದರಬೇಕಾಗಿಲ್ಲ. ಆದರೆ ಕಾಲು ಬಾಗಿದ ಮಗುವಿಗೆ ರಿಕೆಟ್ಸ್ ಅಂತ ಮದ್ದು ಕೊಡುವಾಗ ಎಎಲ್‌ಪಿ ಏರುವ ಬದಲು ಇಳಿದಿದ್ದರೆ ಅಲ್ಲಿ ನಿಂತು ಯೋಚನೆ ಮಾಡಬೇಕು. ಸಾಧಾರಣ ರಿಕೆಟ್ಸಿನಲ್ಲಿ ಅದು ಏರಿಯೇ ಇರುತ್ತದೆ.

ಮೊನ್ನೆ ದೊಡ್ಡಮ್ಮನ ರಕ್ತ ಕೊಡಲು ಹೋದಾಗ ಲ್ಯಾಬಿನ ಹುಡುಗನ ಹತ್ತಿರ ಇದನ್ನೇ ಕೇಳಿದೆ. ಮಕ್ಕಳಿಗೆ ಬೇರೆ ಲೆಕ್ಕ ಅಚ್ಚಾಗುತ್ತದಾ ಅಂತ.

"ಸಾಫ್ಟ್‌ವೇರಲ್ಲಿ ಉಂಟು ಸಾರ್," ಅಂದ. "ನಾವು ವಯಸ್ಸು ಹಾಕ್ಬೇಕು ಅಷ್ಟೆ. ಹಾಕದಿದ್ರೆ ದೊಡ್ಡವರದ್ದೇ ಬರ್ತದೆ."

"ಹಾಕ್ತೀರಾ?"

ಅವನು ಪುಸ್ತಕ ತಿರುಗಿಸಿ ತೋರಿಸಿದ. ಆ ಬೆಳಗ್ಗೆ ಬಂದ ಹನ್ನೊಂದು ಹೆಸರುಗಳಲ್ಲಿ ನಾಲ್ಕರ ಮುಂದೆ ವಯಸ್ಸಿನ ಜಾಗ ಖಾಲಿ ಇತ್ತು. ಒಂದರ ಮುಂದೆ ಬರೀ ಮಗು ಅಂತ ಬರೆದಿತ್ತು. ದೊಡ್ಡಮ್ಮ ಕುರ್ಚಿಯಲ್ಲಿ ಕೂತಲ್ಲಿಂದಲೇ ತಮ್ಮದು ಎಪ್ಪತ್ತೊಂದು ಅಂತ ಕೂಗಿ ಹೇಳಿದರು. ಅವನು ಪೆನ್ನು ತೆಗೆದು ಬರೆದುಕೊಂಡ.